ನಿಮಗಿದು ಗೊತ್ತೇ? ಕರಗಿದ ಬೊಜ್ಜು ಮೂಗಿನಿಂದ ಹೊರಗೆ!

ಹತ್ತು ಕಿಲೋ ಬೊಜ್ಜು ಕರಗಿಸಿದಿರಿ ಅಂದುಕೊಳ್ಳಿ. ಅದು ಹೋದದ್ದೆಲ್ಲಿಗೆ? ಬೆವರಾಗಿ ಹರಿಯಿತೇ? ಅಲ್ಲ! ರೂಬೆನ್ ಮೀರ್‌ಮನ್ ಮತ್ತು ಆಂಡ್ರ್ಯೂ ಬ್ರೌನ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಗಳು 2014ರಲ್ಲಿ ಇದರ ಲೆಕ್ಕ ಹಾಕಿ ತೋರಿಸಿದರು. 10 ಕಿಲೋದಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಬೀಳುತ್ತದೆ. ಉಳಿದ 1.6 ಕಿಲೋ ಮಾತ್ರ ನೀರು. ವೈದ್ಯರು, ಆಹಾರ ತಜ್ಞರು, ಜಿಮ್ ತರಬೇತುದಾರರನ್ನು ಕೇಳಿದರೆ ಅವರಲ್ಲೂ ಹೆಚ್ಚಿನವರು ತಪ್ಪು ಉತ್ತರ ಕೊಟ್ಟರಂತೆ!

ಹಾಗಂತ ಕೂತಲ್ಲೇ ಬುಸುಬುಸು ಉಸಿರು ಬಿಟ್ಟರೆ ಆಗದು. ಮೊದಲು ಕೊಬ್ಬು ಉರಿಯಬೇಕು. ಅದಕ್ಕೆ ಕೈಕಾಲು ಆಡಬೇಕು, ತಾಟು ಹಗುರಾಗಬೇಕು.

"ಈ ಭಾನುವಾರ ಒಂದು ಹೋಗಲಿ, ಸೋಮವಾರದಿಂದ ಪಕ್ಕಾ!" ಈ ಮಾತು ನೀವೂ ಆಡಿದ್ದೀರಿ ತಾನೇ? ಬೇಜಾರು ಮಾಡಿಕೊಳ್ಳಬೇಡಿ, ಲೋಕವೇ ಆಡುತ್ತದೆ. ಅಮೆರಿಕದ ಸಂಶೋಧಕರು ಗೂಗಲ್ ಹುಡುಕಾಟಗಳನ್ನು ಜಾಲಾಡಿ 2014ರಲ್ಲಿ ಬರೆದರು: ವಾರದ ಮೊದಲಿಗೆ, ತಿಂಗಳ ಮೊದಲಿಗೆ, ಹೊಸ ವರ್ಷದ ಮೊದಲಿಗೆ 'ಡಯಟ್' ಹುಡುಕುವವರ ಸಂಖ್ಯೆ ಏರುತ್ತದೆ. ಜಿಮ್‌ಗೆ ಬರುವವರೂ ಆಗಲೇ ಹೆಚ್ಚುತ್ತಾರೆ. ಹೊಸ ಆರಂಭದ ದಿನಕ್ಕೆ ಮನಸ್ಸನ್ನು ಎಬ್ಬಿಸುವ ಶಕ್ತಿ ನಿಜವಾಗಿಯೂ ಇದೆ! ಯುಗಾದಿಯ ಸಂಕಲ್ಪ ಮುರಿದುಬಿತ್ತೇ? ಚಿಂತೆ ಬೇಡ. ವರ್ಷಕ್ಕೆ 52 ಸೋಮವಾರಗಳಿವೆ!

ಸೋಮವಾರ ಎಂದ ಕೂಡಲೇ ನಮ್ಮ ಬೀದರಿನದೇ ಒಂದು ಸಂಗತಿ ಹೇಳಲೇಬೇಕು. 1470ರ ಆಸುಪಾಸು. ರಷ್ಯದ ತ್ವೇರ್ ಎಂಬ ಊರಿನಿಂದ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ಒಂದು ಕುದುರೆ ಹಿಡಿದುಕೊಂಡು ಬಹಮನಿ ರಾಜಧಾನಿ ಬೀದರಿಗೆ ಬಂದ. ಕುದುರೆ ಮಾರಿದ, ಇಲ್ಲಿನವರ ಸ್ನೇಹ ಮಾಡಿದ, ಕಂಡದ್ದನ್ನೆಲ್ಲ ಬರೆದಿಟ್ಟ. ಇಲ್ಲಿನ ಹಿಂದೂಗಳ ಊಟದ ಬಗ್ಗೆ ಅವನು ಏನು ಬರೆದ ಗೊತ್ತೇ? ದಿನಕ್ಕೆ ಎರಡೇ ಊಟ, ರಾತ್ರಿ ಏನೂ ಇಲ್ಲ. ಭಾನುವಾರ ಮತ್ತು ಸೋಮವಾರ ಒಂದೇ ಊಟ! ಇವತ್ತು ಮೊಬೈಲ್ ಆ್ಯಪ್ ಹಾಕಿಕೊಂಡು, ಗಡಿಯಾರ ನೋಡಿಕೊಂಡು ಮಾಡುವ 'ಇಂಟರ್‌ಮಿಟೆಂಟ್ ಫಾಸ್ಟಿಂಗ್' 550 ವರ್ಷಗಳ ಹಿಂದೆಯೇ ಬೀದರಿನ ಓಣಿಗಳಲ್ಲಿ ನಡೆಯುತ್ತಿತ್ತು. ನಮ್ಮ ಹಿರಿಯರು ಅದನ್ನು ಒಪ್ಪತ್ತು ಎಂದರು, ಅಷ್ಟೇ!

ರಾತ್ರಿ ತಡವಾಗಿ ಉಣ್ಣದಿದ್ದರೆ ಏನು ಲಾಭ? 2022ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ 16 ಜನರ ಮೇಲೆ ಪರೀಕ್ಷೆ ನಡೆಯಿತು. ಅದೇ ಊಟ, ಅಷ್ಟೇ ಪ್ರಮಾಣ. ಆದರೆ ಹೊತ್ತು ಮಾತ್ರ ನಾಲ್ಕು ತಾಸು ತಡ. ಆಗ ಹಸಿವು ಹೆಚ್ಚಾಯಿತು, ಹೊಟ್ಟೆ ತುಂಬಿದೆ ಎಂದು ಹೇಳುವ ಲೆಪ್ಟಿನ್ ಹಾರ್ಮೋನ್ ಇಳಿಯಿತು, ಮೈ ಉರಿಸುವ ಕ್ಯಾಲೊರಿಯೂ ಕಡಿಮೆಯಾಯಿತು. ತಾಟು ಬದಲಾಗಲಿಲ್ಲ, ಗಡಿಯಾರ ಬದಲಾಯಿತು, ಮೈಯ ಲೆಕ್ಕವೇ ಬದಲಾಯಿತು! ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು, ಗರ್ಭಿಣಿಯರು ಮಾತ್ರ ಡಾಕ್ಟರನ್ನು ಕೇಳದೆ ಊಟ ಬಿಡಬಾರದು.

ಇನ್ನು ಉಪವಾಸದ ದಿನದ ಫಳಾರ! ಸಾಬೂದಾಣಿ ಖಿಚಡಿ, ಮೇಲೆ ಶೇಂಗಾ ಪುಡಿ, ಬಟಾಟೆ, ಎಣ್ಣೆ. ಸಾಬೂದಾಣಿ ಎಂದರೆ ಹೆಚ್ಚುಕಡಿಮೆ ಬರೀ ಪಿಷ್ಟ. 100 ಗ್ರಾಂಗೆ ಸುಮಾರು 350 ಕ್ಯಾಲೊರಿ. ನಾರು ಇಲ್ಲವೇ ಇಲ್ಲ ಎನ್ನಬಹುದು. ಎಷ್ಟೋ ಸಲ ಉಪವಾಸದ ತಾಟೇ ದಿನದ ಊಟಕ್ಕಿಂತ ಭಾರ!

ಈಗ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಸಂಗತಿ. ಚರಕ ಸಂಹಿತೆ ಗೊತ್ತಲ್ಲ? ಸುಮಾರು ಎರಡು ಸಾವಿರ ವರ್ಷ ಹಳೆಯ ವೈದ್ಯ ಗ್ರಂಥ. ಅದರ ಸೂತ್ರಸ್ಥಾನದ 21ನೇ ಅಧ್ಯಾಯದಲ್ಲಿ ಅತಿ ದಪ್ಪ ಮತ್ತು ಅತಿ ತೆಳು ಮೈಯ ಬಗ್ಗೆ ವಿವರವಾಗಿ ಹೇಳಿದೆ. ಬೊಜ್ಜು ಇರುವವರಿಗೆ ಏನು ಕೊಡಬೇಕು ಎಂದು ಅಲ್ಲಿ ಪಟ್ಟಿಯಿದೆ. ಜವೆ, ನವಣೆ, ಸಾಮೆ, ಹಾರಕ. ಮುಂದೆ ಓದಿ! ಹೆಸರು, ಹುರುಳಿ, ತೊಗರಿ, ಜೊತೆಗೆ ಜೋಳ ಎಂದು ಪಂಡಿತರು ಗುರುತಿಸುವ ಜೂರ್ಣಾಹ್ವ. ಭಾಲ್ಕಿ, ಔರಾದ್ ಕಡೆ ಒಂದು ಸುತ್ತು ಹಾಕಿ ಬನ್ನಿ. ಮನ್ನಳ್ಳಿಯ ಹೊಲಗಳ ಕಡೆಗೂ ಹೋಗಿ ನೋಡಿ. ಜೋಳ, ತೊಗರಿ, ಹೆಸರು! ಚರಕ ಬರೆದ ಔಷಧಿ ಚೀಟಿಯ ಅರ್ಧ ಸಾಮಾನು ನಮ್ಮ ಕರಿಮಣ್ಣಿನಲ್ಲೇ ಬೆಳೆದು ನಿಂತಿದೆ!

ಜೋಳದ ರೊಟ್ಟಿ ಮಾಡುವುದನ್ನು ಹತ್ತಿರ ಕೂತು ನೋಡಿದ್ದೀರಾ? ಹಿಟ್ಟಿಗೆ ಕುದಿ ನೀರು ಹಾಕಿ ನಾದುತ್ತಾರೆ. ಏಕೆಂದರೆ ಜೋಳದಲ್ಲಿ ಗ್ಲುಟನ್ ಇಲ್ಲ, ತಣ್ಣೀರಿಗೆ ಹಿಟ್ಟು ಹಿಡಿದುಕೊಳ್ಳದೆ ಸೀಳುತ್ತದೆ. ಆಮೇಲೆ ಪರಾತದಲ್ಲಿ ಒಣ ಹಿಟ್ಟು ಉದುರಿಸಿ ಅಂಗೈಯಿಂದ ಪಟಪಟ ಬಡಿಯುತ್ತಾರೆ. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ಚುಯ್ ಎಂದು ಹಬೆ ಏಳುತ್ತದೆ. ತಿರುವಿ ಹಾಕಿ ಕೆಂಡಕ್ಕೆ ಒಡ್ಡಿದರೆ ಬುಗ್ಗೆಂದು ಉಬ್ಬುತ್ತದೆ. ಇಷ್ಟರಲ್ಲಿ ಎಣ್ಣೆ ಎಲ್ಲಿ ಬಂತು? ಒಂದು ಹನಿಯೂ ಇಲ್ಲ! ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ ಎನ್ನುವುದನ್ನು ನೆನೆದರೆ ಈ ಒದ್ದೆ ಬಟ್ಟೆಯ ಬೆಲೆ ತಿಳಿಯುತ್ತದೆ.

ಆದರೆ ಜೋಳದಲ್ಲಿ ಕ್ಯಾಲೊರಿಯೇ ಕಡಿಮೆ ಅಂದುಕೊಂಡಿದ್ದೀರಾ? ಇಲ್ಲ! 100 ಗ್ರಾಂ ಜೋಳದಲ್ಲಿ ಸುಮಾರು 334, ಪಾಲಿಶ್ ಅಕ್ಕಿಯಲ್ಲಿ ಸುಮಾರು 356. ಅಷ್ಟೇ ಅಂತರ. ಗುಟ್ಟು ಇರುವುದು ನಾರಿನಲ್ಲಿ. ಜೋಳದಲ್ಲಿ 10 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತದೆ, ಹಸಿವು ಬೇಗ ಬರಗೊಡುವುದಿಲ್ಲ. ಈ ಅಂಕಿಗಳನ್ನು ಅಳೆದು ಪುಸ್ತಕ ಮಾಡಿದ ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದು ನಮ್ಮ ಪಕ್ಕದ ಹೈದರಾಬಾದಿನಲ್ಲೇ. 1918ರಲ್ಲಿ ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಅಲ್ಲಿಗೆ ಬಂತು.

ರೊಟ್ಟಿಯ ಇನ್ನೊಂದು ಉಪಕಾರ ಕೇಳಿ. ಕಟಕ ರೊಟ್ಟಿ ಗಬಗಬ ನುಂಗಲು ಬರುವುದಿಲ್ಲ, ಅಗಿಯಲೇಬೇಕು! ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಮೆತ್ತಗಿನ ಬ್ರೆಡ್ಡು, ನೂಡಲ್ಸ್ ಆ ಸುದ್ದಿ ಹೊರಡುವ ಮೊದಲೇ ಖಾಲಿಯಾಗಿರುತ್ತವೆ.

ನಂಬಿಕೆ ಬರಲಿಲ್ಲವೇ? 2019ರ ಪ್ರಯೋಗ ನೋಡಿ. ಅಮೆರಿಕದ ಕೆವಿನ್ ಹಾಲ್ 20 ಜನರನ್ನು ಆಸ್ಪತ್ರೆಯಲ್ಲೇ ನಾಲ್ಕು ವಾರ ಇಟ್ಟುಕೊಂಡರು. ಎರಡು ವಾರ ಪ್ಯಾಕೆಟ್ ತಿನಿಸು, ಎರಡು ವಾರ ಮನೆಯಡುಗೆಯಂಥ ಊಟ. ಎದುರಿಗಿಟ್ಟ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದರು. ಪ್ಯಾಕೆಟ್ ತಿನಿಸಿನ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗ ತಿಂದರು, ಎರಡೇ ವಾರದಲ್ಲಿ 0.9 ಕಿಲೋ ಏರಿದರು. ಮನೆಯೂಟದ ವಾರಗಳಲ್ಲಿ ಅಷ್ಟೇ ಇಳಿದರು! ಜನ ಅವರೇ, ಛಲವೂ ಅದೇ. ತಾಟಿಗೆ ಬಂದದ್ದು ಮಾತ್ರ ಬೇರೆ.

ಕಾಳುಬೇಳೆಯೂ ಕಡಿಮೆಯಲ್ಲ. 21 ಪ್ರಯೋಗಗಳ, 940 ಜನರ ಲೆಕ್ಕ ಒಟ್ಟು ಮಾಡಿ ಕೆನಡಾದವರು 2016ರಲ್ಲಿ ಬರೆದರು: ದಿನಕ್ಕೆ ಸುಮಾರು 130 ಗ್ರಾಂ ಬೇಯಿಸಿದ ಕಾಳು ತಿಂದವರು ಬೇರೆ ಪ್ರಯತ್ನವನ್ನೇ ಮಾಡದೆ ಆರು ವಾರದಲ್ಲಿ ಮೂರನೇ ಒಂದು ಕಿಲೋದಷ್ಟು ಇಳಿದರು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಕೂತು ಉಣ್ಣುವ ಭಜ್ಜಿ ನೆನಪಾಯಿತೇ? ಹಸಿ ಕಡಲೆ, ತೊಗರಿ, ಅವರೆ, ಮೆಂತ್ಯೆ, ಇನ್ನೂ ಏನೇನೋ ಸೊಪ್ಪು, ಜೊತೆಗೆ ಸಜ್ಜೆ ರೊಟ್ಟಿ, ಅಂಬಲಿ. ವರ್ಷಕ್ಕೊಮ್ಮೆ ಏಕೆ, ವಾರಕ್ಕೊಮ್ಮೆ ಮಾಡಿದರೆ ಬೇಡ ಎನ್ನುವವರು ಯಾರು?

ಚಾ ಲೆಕ್ಕ ಹಾಕಿ ನೋಡೋಣ. ಕಪ್ಪಿಗೆ ಎರಡು ಚಮಚ ಸಕ್ಕರೆ, ದಿನಕ್ಕೆ ಐದು ಕಪ್ಪು. ಹತ್ತು ಚಮಚ, ಸುಮಾರು 50 ಗ್ರಾಂ! ದಿನಕ್ಕೆ 25 ಗ್ರಾಂ ದಾಟಬೇಡಿ ಎನ್ನುತ್ತದೆ 2024ರಲ್ಲಿ ಪೋಷಣಾ ಸಂಸ್ಥೆ ಹೊರತಂದ ಮಾರ್ಗಸೂಚಿ. ಬರೀ ಚಾದಲ್ಲೇ ಎರಡು ದಿನದ ಪಾಲು ಮುಗಿಯಿತು. 300 ಮಿಲಿ ಕೋಲಾ ಬಾಟಲಿಯಲ್ಲಂತೂ 30 ಗ್ರಾಂ ದಾಟುತ್ತದೆ!

ಬೆಲ್ಲದ ಚಾ ಕುಡಿದರೆ ಪಾರಾದಿರಾ? ಕ್ಯಾಲೊರಿಯಲ್ಲಿ ಬೆಲ್ಲಕ್ಕೂ ಸಕ್ಕರೆಗೂ ದೊಡ್ಡ ಅಂತರವಿಲ್ಲ.

ಆದರೆ ಒಳ್ಳೆ ಸುದ್ದಿಯೂ ಇದೆ. ನಾಲಿಗೆ ಬದಲಾಗುತ್ತದೆ! ಅಮೆರಿಕದಲ್ಲಿ ಮೂರು ತಿಂಗಳು ಸಕ್ಕರೆ ಕಡಿಮೆ ತಿಂದವರಿಗೆ, ಮೊದಲು ಸಾಧಾರಣ ಎನಿಸಿದ್ದ ಅದೇ ಪುಡ್ಡಿಂಗ್ ಹೆಚ್ಚು ಸಿಹಿ ಎನಿಸತೊಡಗಿತು. ಹಾಗಾಗಿ ಒಮ್ಮೆಲೇ ಬಿಡಬೇಕಿಲ್ಲ. ಈ ತಿಂಗಳು ಎರಡು ಚಮಚ ಒಂದೂವರೆ ಆಗಲಿ, ಬರುವ ತಿಂಗಳು ಒಂದು.

ಹಳಸಲು ಪಾಪ್‌ಕಾರ್ನ್ ಯಾರಾದರೂ ತಿನ್ನುತ್ತಾರಾ? ತಿನ್ನುತ್ತಾರೆ! 2011ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಸಿನಿಮಾ ಟಾಕೀಸಿನಲ್ಲಿ ಒಂದಷ್ಟು ಜನರಿಗೆ ತಾಜಾ, ಒಂದಷ್ಟು ಜನರಿಗೆ ಒಂದು ವಾರ ಹಳೆಯ ಪಾಪ್‌ಕಾರ್ನ್ ಕೊಟ್ಟರು. ಸಿನಿಮಾದಲ್ಲಿ ಪಾಪ್‌ಕಾರ್ನ್ ತಿಂದು ರೂಢಿಯಿದ್ದವರು ಹಳೆಯದನ್ನೂ ತಾಜಾದಷ್ಟೇ ತಿಂದರು. ರುಚಿ ಇಲ್ಲ ಎಂದು ಅವರ ಬಾಯಿಯೇ ಹೇಳುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ! ಬೇರೆ ಕೆಲವರನ್ನು ಸಭಾ ಕೊಠಡಿಯಲ್ಲಿ ಕೂರಿಸಿದರೆ ಅವರು ಹಳೆಯದನ್ನು ಕಡಿಮೆ ತಿಂದರು.

ಇನ್ನೂ ಮಜಾ ಇದೆ. ಟಾಕೀಸಿನಲ್ಲೇ ಎಡಗೈಯಿಂದ ತಿನ್ನಿ ಎಂದರು. ಬಲಗೈ ರೂಢಿಯವರು ಹಳೆಯದನ್ನು ತಿನ್ನುವುದು ತಟ್ಟನೆ ಇಳಿಯಿತು! ಕೈ ಬದಲಾದ ಕೂಡಲೇ ಮನಸ್ಸು ಎಚ್ಚರಾಯಿತು. ಟಿವಿ ಎದುರು ಚುಡವಾ ಡಬ್ಬಿ ಹಿಡಿದು ಕೂರುವವರು ಇದನ್ನು ಇವತ್ತೇ ಮಾಡಿ ನೋಡಬಹುದು. ಡಬ್ಬಿಯನ್ನೇ ಬೇರೆ ಕೋಣೆಯಲ್ಲಿಟ್ಟರೆ ಇನ್ನೂ ಒಳ್ಳೆಯದು.

21 ದಿನದಲ್ಲಿ ರೂಢಿ ಬೀಳುತ್ತದೆ ಎನ್ನುತ್ತಾರಲ್ಲ, ಅದನ್ನು ಮರೆತುಬಿಡಿ. ಲಂಡನ್ನಿನ ಫಿಲಿಪ್ಪಾ ಲ್ಯಾಲಿ 96 ಜನರನ್ನು ಗಮನಿಸಿದರು. ಊಟದ ಜೊತೆ ಹಣ್ಣು, ತಿಂಡಿಯ ನಂತರ ನಡಿಗೆ, ಇಂಥ ಸಣ್ಣ ಕೆಲಸಗಳು. ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಸರಾಸರಿ 66 ದಿನ. ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನದ ಅಂದಾಜು! ಮೂರು ವಾರಕ್ಕೆ ಕೈಬಿಟ್ಟವರು ಸೋತವರಲ್ಲ, ಅರ್ಧ ದಾರಿಗೂ ಮೊದಲೇ ಇಳಿದವರು. ನಡುವೆ ಒಂದು ದಿನ ತಪ್ಪಿದರೆ? ಏನೂ ಕೆಡುವುದಿಲ್ಲ ಎಂದೂ ಅದೇ ಅಧ್ಯಯನ ಹೇಳಿತು. ಒಂದು ಮದುವೆಯ ಊಟಕ್ಕೆ ಇಡೀ ಪ್ರಯತ್ನ ಬಿಡುವವರಿಗೆ ಈ ಮಾತು ಕೂಗಿ ಹೇಳಬೇಕು ಎನಿಸುತ್ತದೆ!

ತಿಂದದ್ದನ್ನು ಬರೆದಿಡಿ, ಅಷ್ಟೇ! 2008ರಲ್ಲಿ ಅಮೆರಿಕದಲ್ಲಿ ಸುಮಾರು 1,700 ಜನರನ್ನು ಗಮನಿಸಿದಾಗ, ದಿನವೂ ಬರೆದವರು ಬರೆಯದವರ ಎರಡರಷ್ಟು ತೂಕ ಇಳಿಸಿದ್ದರು. ಆ್ಯಪ್ ಬೇಡ, ಹಳೇ ನೋಟ್‌ಬುಕ್ ಸಾಕು.

ಊಟಕ್ಕೆ ಮೊದಲು ಅರ್ಧ ಲೀಟರ್ ನೀರು ಕುಡಿದವರು 12 ವಾರದಲ್ಲಿ, ಕುಡಿಯದವರಿಗಿಂತ ಸುಮಾರು 2 ಕಿಲೋ ಹೆಚ್ಚು ಇಳಿದರು. ಇಬ್ಬರದೂ ಒಂದೇ ಥರದ ಪಥ್ಯ! ಇದು 2010ರ ಪ್ರಯೋಗ.

ಒಂದು ಫೋಟೊ ಕಥೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಡಾ. ಜಾನ್ ಯುಡ್‌ಕಿನ್. ಇಬ್ಬರೂ ಅಕ್ಕಪಕ್ಕ ನಿಂತ ಚಿತ್ರ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಕೂಡ 22.3. ನೋಡಲು ಇಬ್ಬರೂ ಸಪೂರ. ಆದರೆ ಮೈಯೊಳಗಿನ ಕೊಬ್ಬು? ಯುಡ್‌ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ನಮ್ಮ ಜನರ ಮೈ ಸಣ್ಣಗೆ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಬಚ್ಚಿಟ್ಟುಕೊಳ್ಳುತ್ತದೆ. ಅದಕ್ಕೇ ಬೇರೆಯವರಿಗೆ ಬಿಎಂಐ 25ಕ್ಕೆ ಎಚ್ಚರಿಕೆಯಾದರೆ ನಮಗೆ 23ಕ್ಕೇ ಎಚ್ಚರಿಕೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ತೂಕದ ಯಂತ್ರ ಬೇಡ, ದರ್ಜಿಯ ಟೇಪ್ ಸಾಕು!

ಇಳಿಸಿದ ತೂಕ ಮತ್ತೆ ಏರುವುದು ಸೋಮಾರಿತನದಿಂದಲೇ? ಈ ಮಾತು ಕೇಳಿ ನೊಂದವರು ಇದನ್ನು ಓದಲೇಬೇಕು. ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿದರು. ಅವರ ಮೈ ದಿನಕ್ಕೆ ನಿರೀಕ್ಷೆಗಿಂತ ಸುಮಾರು 500 ಕ್ಯಾಲೊರಿ ಕಡಿಮೆ ಉರಿಸುತ್ತಿತ್ತು! ಬರ ಬಂದಿದೆ ಎಂದುಕೊಂಡು ದೇಹ ಆರು ವರ್ಷವಾದರೂ ಉಳಿತಾಯ ಮಾಡುತ್ತಲೇ ಇತ್ತು. ಸರಸರನೆ ಇಳಿಸುವ ಹಟಕ್ಕೆ ಬೀಳಬೇಡಿ ಎನ್ನುವುದು ಇದಕ್ಕೇ.

ಹಾಗಾದರೆ ಇಳಿಸಿ ಉಳಿಸಿಕೊಂಡವರೇ ಇಲ್ಲವೇ? ಇದ್ದಾರೆ, ಹತ್ತು ಸಾವಿರಕ್ಕೂ ಹೆಚ್ಚು! ಅಮೆರಿಕದಲ್ಲಿ 1994ರಿಂದ ಅವರದೇ ಒಂದು ದಾಖಲೆ ಪುಸ್ತಕವಿದೆ. ಕನಿಷ್ಠ 13.6 ಕಿಲೋ ಇಳಿಸಿ ಒಂದು ವರ್ಷ ಕಾಪಾಡಿಕೊಂಡವರಿಗೆ ಮಾತ್ರ ಪ್ರವೇಶ. ಅವರಲ್ಲಿ ಶೇ 78 ಜನ ದಿನವೂ ಬೆಳಗಿನ ತಿಂಡಿ ತಿನ್ನುತ್ತಾರೆ. ಶೇ 75 ಜನ ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಶೇ 90 ಜನ ದಿನಕ್ಕೆ ಸರಾಸರಿ ಒಂದು ತಾಸು ಮೈ ದಣಿಸುತ್ತಾರೆ.

ಬೊಜ್ಜಿನಿಂದ ಸಿಂಹಾಸನ ಕಳೆದುಕೊಂಡ ರಾಜನೂ ಇದ್ದ! ಸ್ಪೇನಿನ ಲಿಯೋನ್ ಸೀಮೆಯ ಮೊದಲನೇ ಸಾಂಚೋ. 958ರಲ್ಲಿ ಸರದಾರರು ಅವನನ್ನು ಪಟ್ಟದಿಂದ ಇಳಿಸಿದರು. ಕಾರ್ಡೋಬಾದ ವೈದ್ಯ ಹಸ್ದಾಯ್ ಇಬ್ನ್ ಶಪ್ರುತ್ ಅವನಿಗೆ ಚಿಕಿತ್ಸೆ ಕೊಟ್ಟ. ತೂಕ ಇಳಿಯಿತು. 960ರಲ್ಲಿ ಕಿರೀಟ ವಾಪಸ್!

ನಮ್ಮ ಬೀದರಿನ ಮಹಮೂದ್ ಗಾವಾನ್ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಬಹಮನಿ ರಾಜ್ಯದ ಪ್ರಧಾನಿ, 1472ರಲ್ಲಿ ಆ ಭವ್ಯ ಮದರಸಾ ಕಟ್ಟಿಸಿದವನು. ಬೊಕ್ಕಸವೆಲ್ಲ ಕೈಯಲ್ಲಿ. ಆದರೆ ಅವನ ಅಡುಗೆ ಮಣ್ಣಿನ ಗಡಿಗೆಯಲ್ಲಿ, ನಿದ್ದೆ ಚಾಪೆಯ ಮೇಲೆ ಎನ್ನುತ್ತದೆ ಇತಿಹಾಸ. ಮದರಸಾ ನೋಡಲು ಹೋದಾಗ ಮಕ್ಕಳಿಗೆ ಇದನ್ನೂ ಹೇಳಿ!

ದಿನಕ್ಕೆ 10,000 ಹೆಜ್ಜೆ ಎಂಬ ಲೆಕ್ಕ ಯಾವ ವೈದ್ಯರೂ ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಿಂದ ಬಂದದ್ದು! 2019ರಲ್ಲಿ ಸುಮಾರು 16,700 ಹಿರಿಯ ಮಹಿಳೆಯರನ್ನು ಗಮನಿಸಿದಾಗ, ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ ಸಾವಿನ ಅಪಾಯ ಚೆನ್ನಾಗಿ ಇಳಿದಿತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಮೊಬೈಲ್ ತೋರಿಸುವ ಅಂಕಿ ನೋಡಿ ಕೊರಗುವ ಅಜ್ಜಿಯರೇ, ಬೀದರ್ ಕೋಟೆಯ ಕಡೆ ಹೊರಟುಬಿಡಿ!

ಮಿರ್ಚಿ ಭಜಿ ಕರೆಯುತ್ತಿದೆಯೇ? ಚಾಕಲೇಟ್ ಕೈ ಬೀಸುತ್ತಿದೆಯೇ? ಬ್ರಿಟನ್ನಿನ ಎಕ್ಸೆಟರ್‌ನಲ್ಲಿ ಚಾಕಲೇಟ್ ಹುಚ್ಚಿದ್ದವರನ್ನು 15 ನಿಮಿಷ ಬಿರುಸಾಗಿ ನಡೆಸಿದರು. ಆಸೆ ಇಳಿಯಿತು! ನಡೆದು ಮುಗಿದ ಮೇಲೂ ಸ್ವಲ್ಪ ಹೊತ್ತು ಇಳಿದೇ ಇತ್ತು. ಭಜಿ ಬಂಡಿಯಿಂದ ದೂರದ ದಿಕ್ಕಿಗೆ ನಡೆದರೆ ಇನ್ನೂ ಚೆನ್ನ.

ನಿದ್ದೆ ಮಾಡಿಯೂ ಕಡಿಮೆ ತಿನ್ನಬಹುದು! 2022ರಲ್ಲಿ ಅಮೆರಿಕದಲ್ಲಿ ನಿದ್ದೆಗೆಟ್ಟ 80 ಜನರಲ್ಲಿ ಕೆಲವರಿಗೆ ಬೇಗ ಮಲಗುವ ಉಪಾಯ ಹೇಳಿಕೊಟ್ಟರು. ಒಂದು ತಾಸಿಗಿಂತ ಸ್ವಲ್ಪ ಹೆಚ್ಚು ನಿದ್ದೆ ಸಿಕ್ಕಿತು. ಯಾವ ಪಥ್ಯವೂ ಹೇಳಲಿಲ್ಲ, ಆದರೂ ಅವರು ತಿನ್ನುವುದು ಇನ್ನುಳಿದವರಿಗಿಂತ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆಯಾಯಿತು.

ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಹೋಗಿದ್ದೀರಾ? ಸುಮಾರು 300 ಮೀಟರ್ ಸುರಂಗ, ಎದೆಮಟ್ಟದ ನೀರು. ನೀರಿನಲ್ಲಿ ನಡೆಯಲು ನೆಲದ ಮೇಲಿನ ನಡಿಗೆಗಿಂತ ಬಹಳ ಹೆಚ್ಚು ಬಲ ಬೇಕು, ಆದರೆ ನೀರು ಮೈಭಾರ ಹೊರುವುದರಿಂದ ಮೊಣಕಾಲಿಗೆ ನೋವು ಕಡಿಮೆ. ದೊಡ್ಡ ಆಸ್ಪತ್ರೆಗಳಲ್ಲಿ ಮಂಡಿ ನೋವಿನವರಿಗೆ ಮಾಡಿಸುವ ವ್ಯಾಯಾಮವೂ ಇದೇ!

ಇದು ಕೇಳಿದರೆ ಕುರ್ಚಿಯಿಂದ ಏಳುತ್ತೀರಿ. ಚೆನ್ನೈನ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಊಟ ಮತ್ತು ನಡಿಗೆ ಸರಿಪಡಿಸಲು ಹೇಳಿದರು. ಮೂರು ವರ್ಷದಲ್ಲಿ ಕಾಯಿಲೆಯ ಅಪಾಯ ಶೇ 28.5ರಷ್ಟು ಇಳಿಯಿತು. ತೂಕ ಎಷ್ಟು ಇಳಿಯಿತು? ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ! ತಕ್ಕಡಿಯ ಮುಳ್ಳು ಅಲುಗದಿದ್ದರೂ ಒಳಗೆ ಮೈ ಸುಧಾರಿಸುತ್ತಿತ್ತು.

ಬೊಜ್ಜು ಗೆಳೆತನದಲ್ಲೂ ಹರಡುತ್ತದೆ! ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನದಲ್ಲಿ 12,067 ಜನರ 32 ವರ್ಷಗಳ ದಾಖಲೆ ನೋಡಿದಾಗ, ಗೆಳೆಯನಿಗೆ ಬೊಜ್ಜು ಬಂದರೆ ನಮಗೂ ಬರುವ ಸಂಭವ ಶೇ 57 ಹೆಚ್ಚು. ಒಡಹುಟ್ಟಿದವರಿಂದ ಶೇ 40. ಒಂದೇ ಮನೆಯಲ್ಲಿ ಉಣ್ಣುವ ಗಂಡ ಹೆಂಡತಿಗೆ? ಶೇ 37 ಮಾತ್ರ! ಸಂಗಾತಿಗಿಂತ ಗೆಳೆಯನ ಪ್ರಭಾವವೇ ಜಾಸ್ತಿ. ಹಾಗಾದರೆ ಬೆಳಿಗ್ಗೆ ನಡೆಯಲು ಯಾರನ್ನು ಕರೆಯಬೇಕು ಗೊತ್ತಾಯಿತಲ್ಲ?

ಸಂಗಾತಿಯದೂ ಒಂದು ಸೊಗಸಾದ ಸಂಗತಿ ಇದೆ. 2018ರಲ್ಲಿ ಅಮೆರಿಕದವರು 130 ಜೋಡಿಗಳಲ್ಲಿ ಒಬ್ಬೊಬ್ಬರಿಗೆ ಮಾತ್ರ ತೂಕ ಇಳಿಸುವ ದಾರಿ ಹೇಳಿಕೊಟ್ಟರು. ಇನ್ನೊಬ್ಬರಿಗೆ ಏನೂ ಹೇಳಲಿಲ್ಲ. ಆರು ತಿಂಗಳ ನಂತರ ನೋಡಿದರೆ, ಏನೂ ಕಲಿಯದವರಲ್ಲಿ ಮೂರನೇ ಒಂದು ಪಾಲು ಜನ ತಮ್ಮ ತೂಕದ ಶೇ 3 ಅಥವಾ ಅದಕ್ಕೂ ಹೆಚ್ಚು ಇಳಿಸಿಬಿಟ್ಟಿದ್ದರು. ಅತ್ತೆವ್ವ ರೊಟ್ಟಿ ಬಡಿದು, ಸೊಸೆ ಪುಂಡಿಪಲ್ಯ ಮಾಡಿ, ಮಾವ ಚಾದ ಸಕ್ಕರೆ ಅರ್ಧ ಮಾಡಿದರೆ ಇಡೀ ಮನೆಗೇ ಲಾಭ ಪುಕ್ಕಟೆ!